ಜೋಡಿಗಾಯಿ

12 ಆಗಸ್ಟ್ 2024, ಸೋಮವಾರ. ಕುಷ್ಟಗಿ ಸ್ಟ್ಯಾಂಡ್, ಮಧ್ಯಾಹ್ನ

ಇವತ್ತಿನ ಸೂಜಿಯೂ ಆಯಿತು. ರೆಸ್ಟ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಖಾಕಿ ಅಂಗಿ ಮೇಲೆತ್ತಿ, ಹೊಟ್ಟೆಗೆ. ಟಿಫಿನ್ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ಐಸು, ಐಸಿನ ಮೇಲೆ ಇಂಜೆಕ್ಷನ್. ಮೇಲಿನದರಲ್ಲಿ ರೊಟ್ಟಿ, ಪುಂಡಿಪಲ್ಯ. ಮೊನ್ನೆ ಡಬ್ಬಿ ಅದಲುಬದಲಾಗಿ ಪಲ್ಯ ಕಲ್ಲಾಗಿತ್ತು. ತಿಂದೆ. ಏನು ಮಾಡುವುದು.

ಮುದುಕಿಯೊಬ್ಬಳು ನೋಡಿಬಿಟ್ಟಳು. "ಸಕ್ಕರಿ ಬ್ಯಾನಿ ಏನವಾ? ಇಷ್ಟ ಸಣ್ಣ ವಯಸ್ಸಿಗೆ?"

"ಹ್ಞೂಂರಿ ಅಜ್ಜಿ, ಸಕ್ಕರಿ."

"ಹಾಗಲಕಾಯಿ ತಿನ್ನು" ಎಂದಳು. ಸರಿ ಎಂದೆ.

ಐವಿಎಫ್ ಎಂದು ಹೇಳಿದ್ದರೆ ಕೊಪ್ಪಳ ಮುಟ್ಟುವವರೆಗೆ ಕಥೆ ಹೇಳಬೇಕಿತ್ತು. ಭಾಗ್ಯನಗರದಲ್ಲಿ ನಮ್ಮ ಓಣಿಗೆ ಇನ್ನೂ ಗೊತ್ತಿಲ್ಲ. ಗೊತ್ತಾದರೆ ಆಗಲಿ. ನಾನೇನು ಕಳ್ಳತನ ಮಾಡಿಲ್ಲ. ಡ್ಯೂಟಿಯಲ್ಲಿ ಗೊತ್ತಿರುವುದು ಡ್ರೈವರ್ ಹನುಮಣ್ಣನಿಗೆ ಮಾತ್ರ. ಸೂಜಿ ಮುಗಿಯುವವರೆಗೆ ಬಸ್ಸಿನ ಬಾನೆಟ್ ತೆಗೆದು ಏನೋ ರಿಪೇರಿ ಎಂಬಂತೆ ನಿಂತಿರುತ್ತಾನೆ, ಪುಣ್ಯಾತ್ಮ.

ಎರಡು ವರ್ಷದ ಹಿಂದೆ ಮಾತ್ರೆ ಕೊಟ್ಟು ಅಂಡ ಬೆಳೆಸಿದ್ದರು. ಎರಡು ಬೆಳೆದವು, ಎರಡೂ ನಿಂತವು. ಅವಳಿ ಎಂದು ಮನೆಯಲ್ಲಿ ಪೇಡೆ ಹಂಚಿದರು. ಆರನೇ ತಿಂಗಳಿಗೇ ಹೆರಿಗೆ. ಮಗ ಒಂದು ರಾತ್ರಿ ಇದ್ದ. ಮಗಳು ಮರುದಿನ ಸಂಜೆಯವರೆಗೆ. ಅತ್ತೆ ನಸೀಬ ಎಂದರು. ಎಲ್ಲರೂ ನಸೀಬ ಎಂದರು. ನಸೀಬವೂ ಅಲ್ಲ, ಮಣ್ಣೂ ಅಲ್ಲ. ಎರಡನ್ನು ಹೊರಲು ನನ್ನ ಹೊಟ್ಟೆಗೆ ಆಗಲಿಲ್ಲ, ಅಷ್ಟೆ.

ಈ ಸಲ ಒಂದು. ಒಂದೇ ಒಂದು. ಯಾರು ಏನೇ ಅನ್ನಲಿ.

ಹನುಮಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಬಾಗಿಲಲ್ಲಿ ಜಾತ್ರೆಯಷ್ಟು ಜನ. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದಾಗಿನಿಂದ ಕಂಡಕ್ಟರ್ ಆದ ನನಗೇ ನಿಲ್ಲಲು ಜಾಗವಿಲ್ಲ. ಹೋಗಿ ಕೂಗಬೇಕು — ತುಂಬೇತಿ, ಹಿಂದಿನ ಗಾಡಿಗೆ ಬರ್ರಿ.

18 ಆಗಸ್ಟ್, ಭಾನುವಾರ

ಅತ್ತೆ ಹಂಪವ್ವ ತೋಟದಿಂದ ಬಂದಿಳಿದರು. ಕುಷ್ಟಗಿ ಹತ್ತಿರ ನಮ್ಮದು ಎರಡೆಕರೆ ದಾಳಿಂಬೆ. ಗಂಡ ಗಾಳೇಶ ಅರ್ಧ ವಾರ ಅಲ್ಲಿ, ಅರ್ಧ ವಾರ ಇಲ್ಲಿ. ಅತ್ತೆ ಇನ್ನು ಮೇಲೆ ನನ್ನ "ಆರೈಕೆಗೆ" ಇಲ್ಲೇ ಇರುತ್ತಾರಂತೆ. ದೇವರೇ.

ಚೀಲದಿಂದ ಜೋಳದ ಹಿಟ್ಟು ತೆಗೆದರು, ಶೇಂಗಾ ಚಟ್ನಿ ತೆಗೆದರು, ಕೊನೆಗೆ ಸೆರಗಿನಲ್ಲಿ ಸುತ್ತಿದ್ದ ಬಾಳೆಹಣ್ಣು ತೆಗೆದರು. ಒಂದೇ ಸಿಪ್ಪೆಯಲ್ಲಿ ಎರಡು ಅಂಟಿಕೊಂಡಿದ್ದವು. ಅಂಥವು ನಾಲ್ಕು.

ನಮ್ಮ ಕಡೆ ಮದುವೆಯಾದ ಹೆಣ್ಣು ಜೋಡಿ ಬಾಳೆಹಣ್ಣು ಮುಟ್ಟುವುದಿಲ್ಲ. ಅವಳಿ ಹುಟ್ಟುತ್ತವೆ ಎಂದು ಹೆದರಿಕೆ. ಊಟದ ಎಲೆಗೆ ಬಂದರೂ ಎತ್ತಿ ಮಕ್ಕಳ ಕೈಗೆ ಕೊಡುತ್ತಾರೆ. ನಮ್ಮ ಅತ್ತೆ ಸಂತೆಯ ಗಾಡಿಗಾಡಿ ತಿರುಗಿ, ಆರಿಸಿ ತಂದಿದ್ದಾರೆ.

"ತಿನ್ನ ಯವ್ವಾ. ಒಂದ ಸಲಕ್ಕ ಎರಡು ಆಗಿಬಿಟ್ರ ಹೊಳ್ಳಿ ಈ ತ್ರಾಸ ಇರಂಗಿಲ್ಲ. ಹೋದ ಎರಡು ಮರಳಿ ಬಂದಂಗ."

"ಅತ್ತಿ, ನನಗ ಒಂದ ಸಾಕರಿ."

"ಯಾರರ ಒಂದ ಸಾಕು ಅಂತಾರೇನ ಹುಚ್ಚಿ! ಕೊಡಾಕಿ ಕೊಡಾಕತ್ತಾಳ, ಬೇಡಾಕಿಗೆ ಬ್ಯಾಸರ."

ತಿನ್ನಲಿಲ್ಲ. ಹೋದ ಎರಡು ಮರಳಿ ಬರುವುದಿಲ್ಲ. ಅವು ಹೋದವು. ಈಗ ಬರುವುದು ಬೇರೆಯದು.

19 ಆಗಸ್ಟ್

ಹಣ್ಣನ್ನು ಡ್ಯೂಟಿಗೆ ಒಯ್ದು ಹನುಮಣ್ಣನಿಗೆ ಕೊಟ್ಟೆ. ಎರಡು ಬೆರಳಲ್ಲಿ ಹಾವಿನ ಬಾಲ ಹಿಡಿದಂತೆ ಹಿಡಿದ. "ಏ ತಂಗೀ, ಮನ್ಯಾಗ ಐದು ಅದಾವ. ನಿಮ್ಮ ಅತ್ತಿಗೆ ನನ್ನ ಮ್ಯಾಲ ಏನ ಸಿಟ್ಟು?"

ಯಲಬುರ್ಗಾ ಸ್ಟ್ಯಾಂಡಿನಲ್ಲಿ ಒಂದು ಆಡಿಗೆ ಹಾಕಿದೆ. ಸಿಪ್ಪೆ ಸಮೇತ ತಿಂದಿತು. ಆಡಿಗೆ ಹೇಗೂ ಎರಡೇ ಹುಟ್ಟುವುದು, ಅತ್ತೆಯ ಹಾರೈಕೆ ಅಲ್ಲಾದರೂ ಫಲಿಸಲಿ.

2 ಸೆಪ್ಟೆಂಬರ್. ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲಿ

ಅಂಡ ತೆಗೆದದ್ದು ಹೋದ ವಾರ. ಇವತ್ತು ಡಾ. ಅನ್ನಪೂರ್ಣ ಮೂವರನ್ನೂ ಕೂರಿಸಿಕೊಂಡರು — ನಾನು, ಗಾಳೇಶ, ಅತ್ತೆ. ನಾಲ್ಕು ಭ್ರೂಣ ಚೆನ್ನಾಗಿ ಬೆಳೆದಿವೆ, ಫ್ರೀಜರಿನಲ್ಲಿ ಇಟ್ಟಿದ್ದಾರೆ. ಎಷ್ಟು ಒಳಗೆ ಬಿಡುವುದು ಎಂಬುದೇ ಮಾತು.

ಅತ್ತೆ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. "ಡಾಕ್ಟರ್ ಬಾಯಾರ, ಎರಡು ಹಾಕ್ರಿ. ಹತ್ತಿ ಊರುವಾಗ ನಾವು ಗುಣಿಗೆ ಎರಡ ಬೀಜ ಊರ್ತೀವಿ. ಒಂದು ಹುಸಿ ಹೋದ್ರ ಇನ್ನೊಂದು ಏಳತೈತಿ."

ಡಾಕ್ಟರು ನಗಲಿಲ್ಲ. ಅದು ನನಗೆ ಹಿಡಿಸಿತು. "ನೋಡವಾ, ಎರಡು ಹಾಕಿದ್ರ ಬಸಿರ ನಿಲ್ಲೋದು ಸ್ವಲ್ಪ ಹೆಚ್ಚಾಗತೈತಿ, ಡಬಲ್ ಏನ ಆಗಂಗಿಲ್ಲ. ಆದ್ರ ಅವಳಿ-ಜವಳಿ ಆಗೋದು ಭಾಳ ಹೆಚ್ಚಾಗತೈತಿ. ಹಂಗ ನಿಂತ ನಾಕು ಬಸಿರಿನ್ಯಾಗ ಒಂದರ ಜವಳಿ ಅಂತ ಹಿಡೀರಿ. ಒಂದ ಹಾಕಿದ್ರ ನೂರಕ್ಕ ಒಂದೋ ಎರಡೋ. ಒಂದು ಹಾಕೂಣು. ಆಗಲಿಲ್ಲಂದ್ರ ಇನ್ನೂ ಮೂರು ಅದಾವ. ಒಂದಾದ ಮ್ಯಾಲ ಒಂದು."

"ಜವಳಿ ಆದ್ರ ಏನ್ರಿ ಕೆಟ್ಟದ್ದು? ನಮ್ಮ ಸ್ವಾದರತ್ತಿಗೆ ಮನ್ಯಾಗ ಆಗಿದ್ದು, ಎರಡೂ ಗುಂಡುಕಲ್ಲಿನಂಗ ಅದಾವ."

"ಉಳದಿದ್ದು ಎಲ್ರಿಗೂ ಕಾಣತಾವವ್ವಾ. ತಾಯಿಗೆ ಬಿಪಿ ಏರತೈತಿ, ರಕ್ತ ಕಡಿಮಿ ಆಗತೈತಿ, ದಿನಾ ತುಂಬೂದ್ರಾಗ ಹೆರಿಗಿ ಆಗತೈತಿ. ಇಕಿಗೆ ಒಮ್ಮೆ ಆಗೇತಿ. ಹೊಳ್ಳಿ ಆಗೋದು ಬ್ಯಾಡ."

ಗಾಳೇಶ ಫ್ಯಾನು ನೋಡುತ್ತಿದ್ದ. ಇಬ್ಬರ ಒಪ್ಪಿಗೆಯೂ ಬೇಕಂತೆ. ಕೇಳಿದರೆ, "ವಿಚಾರ ಮಾಡಿ ಹೇಳ್ತೀವ್ರಿ" ಎಂದ. ವಿಚಾರ! ಹೊಟ್ಟೆ ಯಾರದು, ವಿಚಾರ ಯಾರದು?

"ನಂದು ವಿಚಾರ ಆಗೇತ್ರಿ ಮೇಡಂ. ಒಂದು" ಎಂದು ಎದ್ದೆ.

ಬಸ್ಸಿನಲ್ಲಿ ಅತ್ತೆ ಆ ಕಡೆ ಕಿಟಕಿ, ನಾನು ಈ ಕಡೆ. ನಡುವೆ ಅವರ ಮಗ.

8 ಸೆಪ್ಟೆಂಬರ್, ಭಾನುವಾರ. ತೋಟದಲ್ಲಿ

ವಾರದ ರಜೆ. ಒಪ್ಪಿಸಿಯೇ ಬರುತ್ತೇನೆ ಎಂದು ಬಂದೆ.

ಕಾಯಿ ನಿಂಬೆಹಣ್ಣಿನಷ್ಟಾಗಿವೆ. ಗಾಳೇಶ ಕತ್ತರಿ ಹಿಡಿದು ಒಂದು ಸಾಲು, ಅತ್ತೆ ಕತ್ತರಿ ಹಿಡಿದು ಇನ್ನೊಂದು ಸಾಲು. ಒಂದೇ ಬುಡಕ್ಕೆ ಎರಡು ಕಾಯಿ ಅಂಟಿ ಕೂತಿದ್ದರೆ ಜೋಡಿಗಾಯಿ ಎನ್ನುತ್ತಾರೆ. ಅದರಲ್ಲಿ ಒಂದನ್ನು ಕತ್ತರಿಸಿ ಹಾಕುತ್ತಾರೆ. ಇಲ್ಲದಿದ್ದರೆ ಎರಡೂ ಬಲಿಯುವುದಿಲ್ಲ, ನಡುವೆ ಹುಳ ಸೇರುತ್ತದೆ. ಇಷ್ಟು ವರ್ಷ ನಾನೂ ಮಾಡಿದ ಕೆಲಸ. ಇವತ್ತು ನೋಡುತ್ತ ನಿಂತೆ. ಮೊದಲು ನಗು ಬಂತು, ಆಮೇಲೆ ಸಿಟ್ಟು.

"ಅತ್ತಿ, ಅದನ್ಯಾಕ ಒಗದ್ರಿ? ಇರಲಿ ಬಿಡ್ರಿ. ಒಂದ ತ್ರಾಸಿನ್ಯಾಗ ಎರಡು ಹಣ್ಣು."

"ಎರಡು ಬಿಟ್ರ ಎರಡೂ ಕೆಡತಾವ, ನಿಂಗ ಗೊತ್ತಿಲ್ಲೇನ?" ಅಂದುಬಿಟ್ಟರು. ಅಂದ ಮೇಲೆ ಅವರ ಮಾತು ಅವರಿಗೇ ಕೇಳಿಸಿತು. ಕತ್ತರಿ ನಿಂತಿತು.

"ಇಲ್ಲಿ ನಿಮ್ಮ ಕೈಯಾಗ ಕತ್ತರಿ ಐತಿ. ನನ್ನ ಹೊಟ್ಟ್ಯಾಗ ಯಾರ ಕೈಗೆ ಕೊಡ್ತೀರಿ? ಹೋದ ಸಲ ಎರಡೂ ಕೆಟ್ಟು. ಮರತೀರೇನು?"

ಅತ್ತೆ ಕೆಳಗೆ ಬಿದ್ದ ಕಾಯಿ ಎತ್ತಿ ಬುಟ್ಟಿಗೆ ಹಾಕುತ್ತ ಹೋದರು. ಗಾಳೇಶ ನನ್ನ ಹತ್ತಿರ ಬಂದ. ಬೆವರು ಒರೆಸಿಕೊಂಡು, "ಅವ್ವಾ, ಒಂದ ಹಾಕ್ಸೂಣು" ಎಂದ. ಇಷ್ಟು ಹೇಳಲು ಈ ಮನುಷ್ಯನಿಗೆ ಒಂದು ವಾರ ಬೇಕಾಯಿತು. ಇರಲಿ, ಹೇಳಿದನಲ್ಲ.

ಗೆದ್ದೆ. ಇವತ್ತು ಎರಡು ರೊಟ್ಟಿ ಹೆಚ್ಚು ತಿಂದೆ.

24 ಸೆಪ್ಟೆಂಬರ್. ಹುಬ್ಬಳ್ಳಿ

ಭ್ರೂಣ ಒಳಗೆ ಬಿಟ್ಟರು. ಪರದೆಯಲ್ಲಿ ಒಂದು ಬಿಳಿ ಚುಕ್ಕೆ. ಸಾಸಿವೆಯಷ್ಟೂ ಇಲ್ಲ. ಬಾ, ಸೀಟು ಖಾಲಿ ಐತಿ ಎಂದೆ ಮನಸ್ಸಿನಲ್ಲಿ.

ಅತ್ತೆ ಹದಿನೈದು ದಿನ ಕಾಲು ಮೇಲೆ ಮಾಡಿ ಮಲಗು ಎನ್ನುತ್ತಾರೆ. ಡಾಕ್ಟರು ಅದೇನೂ ಬೇಡ, ಎದ್ದು ಓಡಾಡು ಎನ್ನುತ್ತಾರೆ. ಎದ್ದು ಓಡಾಡುತ್ತೇನೆ. ಅತ್ತೆ ನೋಡುವಾಗ ಮಾತ್ರ ಮಲಗುತ್ತೇನೆ.

5 ಅಕ್ಟೋಬರ್

ನಿಂತಿದೆ!

ಹನುಮಣ್ಣನಿಗೆ ಹೇಳಿದೆ. ಇವತ್ತು ಗಂಗಾವತಿ ರೋಡಿನ ಪ್ರತಿ ಹಂಪಿನಲ್ಲೂ ಬಸ್ಸನ್ನು ಕೂಸಿನಂತೆ ಎತ್ತಿ ಇಳಿಸಿದ. ಹಿಂದಿನ ಸೀಟಿನವನೊಬ್ಬ, "ಡ್ರೈವರ್ ನಿದ್ದಿ ಮಾಡಾಕತ್ಯಾನೇನು?" ಎಂದು ಕೂಗಿದ. ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಚಿಲ್ಲರೆ ತಪ್ಪಿ ಕೊಟ್ಟೆ.

22 ಅಕ್ಟೋಬರ್

ಎರಡು.

ಎರಡು ಎದೆ ಬಡಿತ.

ಒಂದೇ ಬಿಟ್ಟದ್ದು. ನನ್ನ ಕಣ್ಣೆದುರಿಗೆ ಒಂದೇ. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. "ಒಂದ ಭ್ರೂಣ ಒಡದು ಎರಡಾಗೇತವಾ. ನೂರಕ್ಕ ಒಂದೋ ಎರಡೋ ಅಂದಿದ್ದೆಲ್ಲ, ಆ ಒಂದು ನೀನ."

ನೂರು ಜನರಲ್ಲಿ ನಾನೇ ಸಿಕ್ಕೆನೇ? ಆ ಚುಕ್ಕೆಗೆ ಸಿಟ್ಟಿನಿಂದ ಬೈದೆ, ಅಲ್ಲೇ, ಬಾಯಿ ಬಿಟ್ಟು. ನರ್ಸು ಗಾಬರಿಯಾದಳು.

ಎರಡಕ್ಕೂ ಮಾಸು ಒಂದೇ. ಬೇರೆ ಬೇರೆ ಮಾಸಿನ ಅವಳಿಗಿಂತ ಇದು ಹೆಚ್ಚು ತ್ರಾಸಿನದಂತೆ. "ಒಂದ ತಾಟಿನ್ಯಾಗ ಇಬ್ರು ಉಂಡಂಗ. ಒಬ್ರು ಹೆಚ್ಚು ಉಂಡು, ಒಬ್ರು ಉಪವಾಸ ಬೀಳಬಹುದು. ನಾಕನೇ ತಿಂಗಳದಿಂದ ಎರಡ ವಾರಕ್ಕೊಮ್ಮೆ ನಾ ನೋಡಬೇಕು. ಒಂದು ಸ್ಕ್ಯಾನ್ ಸೈತ ತಪ್ಪಸಬ್ಯಾಡ."

ಒಂದು ಎಂದೆ. ಎಲ್ಲರ ಜೊತೆ ಜಗಳವಾಡಿ ಒಂದು ಎಂದೆ. ನನ್ನ ಮಾತು ಎಲ್ಲರೂ ಕೇಳಿದರು, ಇದೊಂದು ಕೇಳಲಿಲ್ಲ.

25 ಅಕ್ಟೋಬರ್

ಅತ್ತೆ ನೆಲದ ಮೇಲಿಲ್ಲ. "ನೋಡಿದೇನು? ನೀ ಒಂದು ಅಂದಿ, ನಮ್ಮ ದೇವಿ ಹುಲಿಗೆಮ್ಮ ಎರಡು ಅಂದ್ಲು." ಡಾಕ್ಟರು ಹೇಳಿದ್ದರಲ್ಲಿ ಎರಡು ಎಂಬ ಮಾತು ಮಾತ್ರ ಅವರ ಕಿವಿಗೆ ಹೋಗಿದೆ.

ಅಬ್ದುಲಸಾಬರ ಬಟ್ಟೆ ಅಂಗಡಿಗೆ ಹೋಗಿ, "ಸಾಬರ, ನಮ್ಮ ಮನಿಗೆ ಜವಳಿ ಬರಾಕತ್ತಾವ" ಎಂದರಂತೆ. ಅವರು ಪಾಪ, "ಎಲ್ಲಿಂದ ತರಿಸಿದ್ರಿ, ಇಳಕಲ್ಲಿಂದ? ನಮ್ಮಲ್ಲಿ ಏನ ಕಡಿಮಿ ಇತ್ತು?" ಎಂದು ಮುಖ ಸಣ್ಣದು ಮಾಡಿದರಂತೆ. ಓಣಿಗೆಲ್ಲ ಈಗ ಗೊತ್ತು. ಎದುರು ಮನೆಯ ಮುಮ್ತಾಜಬೇಗಂ ನಗುತ್ತ ಬಂದು ಹೇಳಿ ಹೋದಳು. ನಾನೂ ನಕ್ಕೆ. ಮೂರು ದಿನದ ಮೇಲೆ ನಕ್ಕದ್ದು.

2 ನವೆಂಬರ್. ದೀಪಾವಳಿ ಪಾಡ್ಯ

ಗಾಳೇಶ ಬೆಳಿಗ್ಗೆಯಿಂದ ಹಿಂದೆಮುಂದೆ ತಿರುಗುತ್ತಿದ್ದ. ಹೋಳಿಗೆ ತಟ್ಟುವಾಗ ಅಡುಗೆಮನೆಗೇ ಬಂದು ನಿಂತ.

"ರೇಣು… ಒಂದು ತಗಸೂಣೇನು?"

ಏನು ಎಂದೆ. ಕೇಳಿಸಿತ್ತು. ಆದರೂ ಏನು ಎಂದೆ.

"ಬೆಂಗಳೂರಿನ್ಯಾಗ ಮಾಡ್ತಾರಂತ. ಮೊಬೈಲಿನ್ಯಾಗ ನೋಡೀನಿ. ತೋಟದಾಗ ನೀನ ಅವ್ವನ ಬಾಯಿಂದ ಅನಸಿದ್ದಿ, ಜೋಡಿಗಾಯಿ ಬಿಟ್ರ ಎರಡೂ ಕೆಡತಾವ ಅಂತ."

ನನ್ನ ಕತ್ತರಿ ನನ್ನ ಕೊರಳಿಗೇ ಬಂತು. ಹೋಳಿಗೆ ಹಂಚಿನ ಮೇಲೆ ಸೀದು ಹೊಗೆ ಎದ್ದಿತು. ಡಾಕ್ಟರನ್ನು ನಾನು ಮೊದಲೇ ಕೇಳಿದ್ದೆ. ಮಾಸು ಒಂದೇ ಆದ್ದರಿಂದ ಒಂದಕ್ಕೆ ಕೈ ಹಾಕಿದರೆ ಇನ್ನೊಂದಕ್ಕೂ ಪೆಟ್ಟು. ಕಾರಣವಿಲ್ಲದೆ ಮಾಡುವಂಥದ್ದಲ್ಲ ಎಂದಿದ್ದರು. ಅದನ್ನೇ ಹೇಳಿದೆ.

"ನನಗ ನೀ ಬೇಕು" ಎಂದ. "ಹೋದ ಸಲ ನಿನ್ನ ಮಾರಿ ನೋಡೀನಿ ನಾ. ಹೊಳ್ಳಿ ನೋಡಾಕ ಆಗಂಗಿಲ್ಲ." ಅಳತೊಡಗಿದ. ಹಬ್ಬದ ದಿನ, ಹೊಸ ಅಂಗಿ ಹಾಕಿಕೊಂಡು, ಬಾಗಿಲ ಚೌಕಟ್ಟು ಹಿಡಿದು.

ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಇಷ್ಟು ಪ್ರೀತಿ ಇದ್ದದ್ದು ಗೊತ್ತಿರಲಿಲ್ಲ. ಆದರೂ ಹೇಳಿದೆ.

"ಕೇಳ್ರಿಲ್ಲೆ. ಬಾಗಲ್ದಾಗ ನಿಂತು ಸೀಟಿಲ್ಲ ಅನ್ನೋದು ಬ್ಯಾರೆ. ಹತ್ತಿ ಕುಂತೋರ್ನ ನಡುದಾರ್ಯಾಗ ಇಳಸೋದು ಬ್ಯಾರೆ. ಇಷ್ಟ ವರ್ಷದಾಗ ಒಬ್ರನ್ನೂ ಇಳಿಸಿಲ್ಲ ನಾ. ಕುಡದು ಬಂದೋರ್ನ ಸೈತ ಊರು ಮುಟ್ಟಿಸೀನಿ. ಒಂದ ಸಾಕು ಅಂದಾಕಿ ನಾನ. ಈಗ ಎರಡು ಕುಂತಾವ. ಎರಡೂ ನನ್ನುವ."

"ನಿಂಗೇನರ ಆದ್ರ?"

"ಡಾಕ್ಟರು ನನ್ನ ಜೀವಕ್ಕ ಕುತ್ತೈತಿ ಅಂದ ದಿನ ಅವರ ಮಾತು ಕೇಳ್ತೀನಿ. ನಿಮ್ಮ ಅಂಜಿಕಿ ಮಾತ ಕೇಳಂಗಿಲ್ಲ."

ಸೀದ ಹೋಳಿಗೆಯನ್ನು ಅವನೇ ತಿಂದ.

26 ಡಿಸೆಂಬರ್

ಬಹಳ ದಿನ ಬರೆಯಲಿಲ್ಲ. ವಾಂತಿ, ನಿದ್ದೆ, ಮತ್ತೆ ವಾಂತಿ.

ಈಗ ಬಸ್ಸು ಹತ್ತುತ್ತಿಲ್ಲ. ಕೊಪ್ಪಳ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂತು ಮೈಕಿನಲ್ಲಿ ಕೂಗುವ ಕೆಲಸ. ಕುಕನೂರು, ಯಲಬುರ್ಗಾ, ಗಂಗಾವತಿ… ಒಳಗಿನ ಎರಡೂ ದಿನವಿಡೀ ಕೇಳುತ್ತವೆ. ಹುಟ್ಟುವ ಮೊದಲೇ ಜಿಲ್ಲೆ ಬಾಯಿಪಾಠ.

ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿ ಶುರು. ಅತ್ತೆ: "ಅಷ್ಟು ಸಲ ಮಷೀನ್ ಹಚ್ಚಿದ್ರ ಕೂಸು ಕಾದು ಹೋಗಂಗಿಲ್ಲೇನು?"

"ನೋಡದ ಬಿಟ್ರ ಹೋಗತಾವರಿ. ನೋಡಿದ್ರ ಉಳಿತಾವ."

ಇವತ್ತಿಗೆ ಇಬ್ಬರೂ ಸಮ ಉಂಡಿದ್ದಾರೆ. ಶಾಣ್ಯಾರು.

14 ಫೆಬ್ರವರಿ 2025

ಸ್ಕ್ಯಾನಿನಲ್ಲಿ ಒಂದರ ಸುತ್ತ ನೀರು ಹೆಚ್ಚು, ಇನ್ನೊಂದರ ಸುತ್ತ ಕಡಿಮೆ. ಸಣ್ಣದು ಹಿಂದೆ ಬೀಳುತ್ತಿದೆ. ಇನ್ನೂ ಗೆರೆ ದಾಟಿಲ್ಲ ಎಂದರು ಡಾಕ್ಟರು. ದಾಟಿದರೆ ಬೆಂಗಳೂರಿಗೆ ಕಳಿಸಿ ಮಾಸಿನ ರಕ್ತನಾಳಗಳಿಗೆ ಲೇಸರ್ ಹಾಕಿಸಬೇಕು. ಇನ್ನು ವಾರ ವಾರ ಬರಬೇಕು. ಡ್ಯೂಟಿ ಬಂದ್.

ಹೋದ ಸಲ ನೋವು ಬಂದದ್ದು ಇದೇ ತಿಂಗಳಿಗೆ. ಹೆದರಿಕೆಯಾಗುತ್ತಿದೆ. ಬರೆದುಬಿಡುತ್ತೇನೆ — ಬಹಳ ಹೆದರಿಕೆಯಾಗುತ್ತಿದೆ.

ಸಂಜೆ ಅತ್ತೆ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದರು. ಒಮ್ಮೆಲೇ ಕೇಳಿದರು. "ಆ ಹುಡಿಗಿ… ಹೋದ ಸಲದ್ದು. ಯಾರ ಹಂಗಿತ್ತು?"

ಎರಡೂವರೆ ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ನಿಮ್ಮ ಹಂಗ" ಎಂದೆ. "ಗದ್ದ ನಿಮ್ದ."

ಎಣ್ಣೆ ಕೈಯಲ್ಲೇ ಮುಖ ಮುಚ್ಚಿಕೊಂಡರು. ನಾನು ಅವರ ತಲೆ ಮೇಲೆ ಕೈ ಇಟ್ಟೆ. ಜಗಳ ಆಡುವ ಮುದುಕಿಯೇ ನನಗೆ ಸಲೀಸು, ಅಳುವ ಮುದುಕಿಯನ್ನು ಏನು ಮಾಡಬೇಕೋ ತಿಳಿಯಲಿಲ್ಲ.

9 ಮಾರ್ಚ್, ಭಾನುವಾರ

ನೀರಿನ ಅಂತರ ಹೆಚ್ಚಾಗಿಲ್ಲ. ಗೆರೆಯ ಈಚೆಗೇ ನಿಂತಿದೆ. ಹೋದ ಸಲ ಮುಟ್ಟದಿದ್ದ ದಿನಗಳಿಗೆ ಈಗ ಬಂದಿದ್ದೇನೆ. ಪ್ರತಿ ಬೆಳಿಗ್ಗೆ ಹೊಸ ಊರು ನೋಡಿದ ಹಾಗೆ.

ಕುಬಸ ಇವತ್ತು, ನನ್ನ ಸೀಮಂತ. ಅತ್ತೆಗೆ ಕಲ್ಯಾಣ ಮಂಟಪವೇ ಬೇಕಿತ್ತು. ಮನೆಯಲ್ಲೇ, ಹಾಸಿಗೆಯಲ್ಲಿ ಒರಗಿಕೊಂಡೇ ಎಂದೆ. ಹಸಿರು ಕುಪ್ಪಸ, ಹಸಿರು ಬಳೆ, ಐದು ಮಂದಿ. ಅದರಲ್ಲೊಬ್ಬಳು, ಗಾಳೇಶನ ದೊಡ್ಡಮ್ಮ, ಆರತಿ ಹಾಡಿನ ನಡುವೆಯೇ, "ಇವು ಟೆಸ್ಟ್ ಟ್ಯೂಬಿನುವಂತ, ಹೌದೇನ?" ಎಂದಳು. ಹಾಡು ನಿಂತಿತು.

"ಹೌದ್ರಿ ದೊಡ್ಡವ್ವ. ಹುಬ್ಬಳ್ಳ್ಯಾಗ. ಅಡ್ರೆಸ್ ಬರಕೊಡ್ಲೇನು?"

ಆಕೆ ಮತ್ತೆ ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದರು. "ಕುಂತ ಕುಂತಲ್ಲೇ ಹಡದೋರಿಗೆ ಏನ ಗೊತ್ತ? ಹಗಲೆಲ್ಲ ಟಿಕೀಟ ಹರದು, ಸೂಜಿ ತಾನ ಚುಚ್ಚಿಕೊಂಡಾಳ ನಮ್ಮಕಿ. ಹಾಡ್ರಿ ಮುಂದ!"

ಹಾಡಿದರು. ಅತ್ತೆ ಎಲ್ಲರಿಗಿಂತ ಜೋರಾಗಿ, ಸ್ವರ ತಪ್ಪಿ.

18 ಏಪ್ರಿಲ್. ಹುಬ್ಬಳ್ಳಿ, ವಾರ್ಡು

ಬಿಪಿ ಏರಿತು. ಕಾಲು ಬಾತು ಚಪ್ಪಲಿ ಹೋಗುವುದಿಲ್ಲ. ಅಡ್ಮಿಟ್. ಕೂಸುಗಳ ಪುಪ್ಪುಸ ಬಲಿಯಲಿ ಎಂದು ನನಗೆ ಇಂಜೆಕ್ಷನ್ ಕೊಟ್ಟರು. ಎಷ್ಟು ದಿನ ಒಳಗಿದ್ದರೆ ಅಷ್ಟು ಲಾಭ ಎನ್ನುತ್ತಾರೆ ಡಾಕ್ಟರು. ಹಾಗಾದರೆ ಕದಲುವುದಿಲ್ಲ. ಎಡ ಮಗ್ಗುಲು ಎಂದರೆ ಎಡ ಮಗ್ಗುಲು. ಉಪ್ಪು ಬೇಡ ಎಂದರೆ ಬೇಡ.

ಗಾಳೇಶ ತೋಟ ಬಿಟ್ಟು ಬಂದಿದ್ದಾನೆ. ಕಾಯಿಗೆ ಔಷಧ ಯಾರು ಹೊಡೀತಾರೆ ಎಂದರೆ, "ಈ ವರ್ಷ ಹುಳಾ ತಿನ್ನಲಿ" ಎಂದ. ಹಿಂದೆ ಇಂಥ ಮಾತು ಈತನ ಬಾಯಲ್ಲಿ ಕೇಳಿಲ್ಲ.

30 ಏಪ್ರಿಲ್. ಬೆಳಿಗ್ಗೆ

ಸಣ್ಣದಕ್ಕೆ ರಕ್ತ ಸರಿಯಾಗಿ ಹರಿಯುತ್ತಿಲ್ಲ. ಇನ್ನು ಒಳಗಿದ್ದರೆ ಎರಡಕ್ಕೂ ಅಪಾಯ. ಇವತ್ತೇ ತೆಗೆಯುತ್ತೇವೆ ಎಂದರು ಡಾ. ಅನ್ನಪೂರ್ಣ. ಎಂಟು ತಿಂಗಳೂ ತುಂಬಿಲ್ಲ. ಆದರೆ ಹೋದ ಸಲದ ಆರಲ್ಲ.

"ಸಣ್ಣದ್ದು ಹೆಂಗ ತಡಕೊಂತೈತಿ ಅಂತ ಈಗ ಹೇಳಾಕ ಬರಂಗಿಲ್ಲವಾ. ದೊಡ್ಡದ್ದಕ್ಕ ಚಿಂತಿಲ್ಲ." ಸುಳ್ಳು ಹೇಳಲಿಲ್ಲ, ಅದಕ್ಕೇ ಅವರ ಮೇಲೆ ನಂಬಿಕೆ.

ಗಾಳೇಶನ ತುಟಿ ಒಣಗಿದೆ. ಅತ್ತೆ ಕಿಟಕಿ ಹತ್ತಿರ ಕೈ ಮುಗಿದು ಪಿಸುಗುಟ್ಟುತ್ತಿದ್ದರು. ಕಿವಿಗೊಟ್ಟೆ. "ಯವ್ವಾ ಹುಲಿಗೆಮ್ಮ, ತಾಯಿನ ಉಳಸು. ಒಂದರ ಉಳಸು. ಒಂದ ಸಾಕವ್ವಾ ನನಗ. ಹೆಚ್ಚಿಗಿ ಬೇಡಿದ್ದು ನನ್ನ ತಪ್ಪು. ಒಂದರ…"

ಮೈಯೆಲ್ಲ ಉರಿಯಿತು. ಎದ್ದು ಕೂರಬೇಡ ಎಂದಿದ್ದರು. ಕೂತೆ.

"ಅತ್ತಿ! ಏನದು ಒಂದು? ಯಾವದ ಬಿಡ್ಲಿ ಹೇಳ್ರಿ? ಬೇಡೋದಿದ್ರ ಎರಡ ಬೇಡ್ರಿ. ಇಲ್ಲಂದ್ರ ಬಾಯಿ ಮುಚ್ಚಿಕೊಂಡು ಕುಂದರ್ರಿ."

ವಾರ್ಡೆಲ್ಲ ತಿರುಗಿ ನೋಡಿತು. ಅತ್ತೆ ನನ್ನನ್ನು ನೋಡಿದರು. ಕಣ್ಣು ಒರೆಸಿಕೊಂಡು, ಮತ್ತೆ ಕಿಟಕಿಗೆ ತಿರುಗಿದರು. ಈ ಸಲ ಗಟ್ಟಿಯಾಗಿ, ಗಿರಾಕಿ ಅಂಗಡಿಯವನ ಜೊತೆ ಜಗ್ಗಾಡುವಂತೆ — "ಎರಡು ಕೊಡಬೇಕು ನೋಡವಾ. ಎರಡೂ. ನಮ್ಮ ಸೊಸಿ ಕೇಳಂಗಿಲ್ಲ."

ಕರೆಯುತ್ತಿದ್ದಾರೆ. ಬಳೆ ತೆಗೆಯಬೇಕಂತೆ.

3 ಮೇ

ಎರಡೂ ಹೆಣ್ಣು. ಎರಡೂ ಗಾಜಿನ ಪೆಟ್ಟಿಗೆಯಲ್ಲಿವೆ. ದೊಡ್ಡದು ಎರಡು ಕಿಲೊಗೆ ಸ್ವಲ್ಪ ಕಡಿಮೆ, ಹುಟ್ಟುತ್ತಲೇ ಕಿರುಚಿತಂತೆ. ಸಣ್ಣದು ಒಂದೂವರೆಯೂ ಇಲ್ಲ. ಮೂಗಿಗೆ ನಳಿಗೆ. ಚರ್ಮದ ಒಳಗಿನ ನರ ಕಾಣುತ್ತವೆ. ಇವತ್ತು ಮೊದಲ ಸಲ ಗಾಲಿಕುರ್ಚಿಯಲ್ಲಿ ಹೋಗಿ ನೋಡಿದೆ. ಅದರ ಹೊಟ್ಟೆ ಏಳುತ್ತದೆ, ಇಳಿಯುತ್ತದೆ. ಮತ್ತೆ ಏಳುತ್ತದೆ. ಪ್ರತಿ ಸಲ ಏಳುವವರೆಗೆ ನಾನು ಉಸಿರು ಹಿಡಿದೆ.

ಇನ್ನೂ ಏನೂ ಹೇಳಲು ಬರುವುದಿಲ್ಲವಂತೆ. ಒಂದೊಂದೇ ದಿನ ದಾಟಬೇಕು.

ಬೆಳಿಗ್ಗೆ ಹಾಲು ಹಿಂಡಿದೆ. ಬಂದದ್ದು ಚಮಚದ ತಳದಷ್ಟು, ಹಳದಿ. ನರ್ಸು ಒಳ್ಳೆಯವಳೇ, ಆದರೆ ಅಂದಳು: "ಇಷ್ಟ ಐತ್ರಿ. ದೊಡ್ಡದ್ದಕ್ಕ ಕೊಡೂಣು, ಅದು ಅರಗಿಸಿಕೊಂತೈತಿ. ಸಣ್ಣದ್ದಕ್ಕ ಆಮ್ಯಾಲ ನೋಡೂಣು."

"ಸಣ್ಣದ್ದಕ್ಕ ಕೊಡಬ್ಯಾಡ ಅಂತ ಡಾಕ್ಟರು ಅಂದಾರೇನು?"

"ಹಂಗೇನಿಲ್ಲರಿ. ಹನಿ ಹನಿ ಕೊಡಬಹುದು. ಆದ್ರ ಇಷ್ಟ ಐತಲ್ಲ…"

"ಎರಡು ಸಿರಿಂಜ್ ತರ್ರಿ."

ತಂದಳು. ಬೆಳಕಿಗೆ ಹಿಡಿದು ಹಂಚಿದೆ, ಗೆರೆ ಗೆರೆ ನೋಡಿ. ಒಂದು ಹನಿ ಬೆರಳಿಗೆ ಅಂಟಿತು. ಅದನ್ನೂ ಬಿಡಲಿಲ್ಲ. ಗಾಳೇಶ ಹಿಂದೆ ನಿಂತು ನೋಡುತ್ತಿದ್ದ. ಅತ್ತೆಯನ್ನು ಒಳಗೆ ಬಿಟ್ಟಿಲ್ಲ. ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತಿದ್ದಾರೆ.

ನರ್ಸು ಸಿರಿಂಜು ಎತ್ತಿಕೊಂಡು ದೊಡ್ಡದರ ಪೆಟ್ಟಿಗೆ ಕಡೆ ಹೊರಟಳು. ನಿಲ್ಲಿಸಿದೆ. ಆ ಕಡೆ ಅಲ್ಲ ತಂಗೀ, ಈ ಕಡೆ. ಇನ್ನು ಮೇಲೆ ಪ್ರತಿ ಸಲ ಸಣ್ಣದಕ್ಕೆ ಮೊದಲು.